ಉತ್ತರ ಸಿದ್ಧವಿರುವ ಪ್ರಶ್ನೆಗಳಿಗೆ ಮಾತ್ರ ಪ್ರವೇಶ

ಶಾಲಾ ವಿಜ್ಞಾನ ಮೇಳ ಸಮಿತಿಯ ಅಧ್ಯಕ್ಷರೂ ಮುಖ್ಯ ತೀರ್ಪುಗಾರರೂ ಆದ ತಮಗೆ,

ಮಾನ್ಯರೇ,

ತಮ್ಮ ಸಮಿತಿ ಕಳೆದ ತಿಂಗಳು ಶಾಲೆಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ ಎರಡು ಸಾಲುಗಳಿವೆ. ಅವನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಲು ಈ ಪತ್ರ. ಮೊದಲನೆಯದು: ‘ಇನ್ನು ಮುಂದೆ ಉತ್ತರ ಸಿದ್ಧವಿರುವ ಪ್ರಶ್ನೆಗಳನ್ನು ಮಾತ್ರ ಮೇಳಕ್ಕೆ ಕಳುಹಿಸತಕ್ಕದ್ದು.’ ಎರಡನೆಯದು: ‘ವಿದ್ಯಾರ್ಥಿಗಳು ತೀರ್ಪುಗಾರರಿಗೆ ಪ್ರಶ್ನೆ ಕೇಳತಕ್ಕದ್ದಲ್ಲ.’ ಸುತ್ತೋಲೆಯ ಉಳಿದ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಥರ್ಮಾಕೋಲ್ ಬಳಸಬಾರದು ಎಂದಿದ್ದೀರಿ, ಒಳ್ಳೆಯದೇ. ಊಟದ ಕೂಪನ್ ಕಳೆದುಕೊಂಡವರಿಗೆ ಮತ್ತೊಂದು ಕೊಡಲಾಗದು ಎಂದಿದ್ದೀರಿ, ಅದು ತಮಗೂ ಅಡುಗೆಯವರಿಗೂ ಬಿಟ್ಟ ವಿಚಾರ. ಆದರೆ ಈ ಎರಡು ಸಾಲು ಹುಟ್ಟಿದ್ದು ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ಶೀತಲ್‌ಳಿಂದ. ಅವು ಬಂದ ಮೇಲೆ ಅವಳು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ನಾನು ಯಾರೆಂದು ಹೇಳಿಬಿಡುತ್ತೇನೆ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನದೊಂದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿಯಿದೆ, ಮನೆ ಗೋಪಾಳದಲ್ಲಿ. ತಮ್ಮ ಸುತ್ತೋಲೆಯನ್ನು ನಾನು ಓದಿದ್ದು ಅಂಗಡಿಯಲ್ಲೇ. ಸುತ್ತಲಿನ ಶಾಲೆಗಳವರು ಅದನ್ನು ಜೆರಾಕ್ಸ್ ಮಾಡಿಸಲು ಒಬ್ಬರಾದ ಮೇಲೊಬ್ಬರು ಬಂದರು. ನಾನು ಸಾಮಾನ್ಯವಾಗಿ ಗಿರಾಕಿಗಳ ಕಾಗದ ಓದುವುದಿಲ್ಲ. ಆದರೆ ಒಂದೇ ಹಾಳೆ ಮತ್ತೆ ಮತ್ತೆ ಕೈಗೆ ಬಂದರೆ ಕಣ್ಣು ಎಷ್ಟೆಂದು ತಪ್ಪಿಸಿಕೊಂಡೀತು? ನನ್ನ ಮಗಳನ್ನು ಸುಮ್ಮನಿರಿಸುವ ಆಜ್ಞೆಯನ್ನು ನಾನೇ ಬಿಸಿಬಿಸಿಯಾಗಿ ಅಚ್ಚು ತೆಗೆದು, ಎಣಿಸಿ ಕಟ್ಟಿ, ಜಿಲ್ಲೆಗೆ ಹಂಚಿದ್ದೇನೆ. ಈ ಸೇವೆಗೆ ಸಮಿತಿಯಿಂದ ಪ್ರಮಾಣಪತ್ರವೇನೂ ಬೇಡ.

ವಿಜ್ಞಾನ ಮೇಳದ ಬಗ್ಗೆ ಮಾತನಾಡುವ ಅರ್ಹತೆ ಅಂಗಡಿಯವನಿಗೆ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಈ ವರ್ಷ ತಮ್ಮ ಮೇಳದಲ್ಲಿ ಮೊದಲ ಬಹುಮಾನ ಪಡೆದ ಜ್ವಾಲಾಮುಖಿ ನೆನಪಿದೆಯೇ? ಅದು ನನ್ನದು. ನಾನು ಅದನ್ನು ಬಾಡಿಗೆಗೆ ಕೊಡುತ್ತೇನೆ. ಹಳೆಯ ಪತ್ರಿಕೆಗಳನ್ನು ಮೈದಾ ಅಂಟಿನಲ್ಲಿ ನೆನೆಸಿ, ಬಿದಿರಿನ ಬುಟ್ಟಿಯ ಮೇಲೆ ಮೆತ್ತಿ ಮಾಡಿದ ಪರ್ವತ ಅದು. ಒಂದು ವರ್ಷ ಹಸಿರು ಬಳಿದೆ, ಮತ್ತೊಂದು ವರ್ಷ ಕಂದು, ಈ ಸಲ ತುದಿಗೆ ಸ್ವಲ್ಪ ಬಿಳಿ. ಪ್ರತಿ ವರ್ಷ ಬೇರೆ ಶಾಲೆ, ಬೇರೆ ಮಗು, ಬೇರೆ ಹೆಸರು. ಬಹುಮಾನ ಮಾತ್ರ ಅದೇ. ಜಿಲ್ಲೆಯ ಉದ್ದಗಲಕ್ಕೂ ಹುಡುಕಿದರೂ ಒಂದು ಜ್ವಾಲಾಮುಖಿ ಸಿಗದ ಈ ನಾಡಿನಲ್ಲಿ ಪ್ರತಿ ವರ್ಷ ತಪ್ಪದೆ ಸಿಡಿಯುತ್ತಿರುವುದು ಅದೊಂದೇ. ಇದನ್ನು ನಾಚಿಕೆಯಿಂದೇನೂ ಹೇಳುತ್ತಿಲ್ಲ, ಅದು ನನ್ನ ವ್ಯಾಪಾರ. ಬೇಡಿಕೆ ಇರುವ ಸರಕನ್ನು ಇಟ್ಟಿದ್ದೇನೆ, ಬೇಡಿಕೆ ಹುಟ್ಟಿಸಿದವರು ತಾವು.

ಜ್ವಾಲಾಮುಖಿಯ ಜೊತೆ ವಿವರಣೆಯ ಹಾಳೆಯನ್ನೂ ಕೊಡುತ್ತೇನೆ. ಮಗು ಅದನ್ನು ಬಾಯಿಪಾಠ ಮಾಡಿ ತಮ್ಮೆದುರು ಒಪ್ಪಿಸಬೇಕು. ‘ಗೌರವಾನ್ವಿತ ತೀರ್ಪುಗಾರರಿಗೆ ನಮಸ್ಕಾರ, ನನ್ನ ಹೆಸರು ಡ್ಯಾಶ್ ಡ್ಯಾಶ್, ನಾನು ಡ್ಯಾಶ್ ಶಾಲೆಯಲ್ಲಿ ಓದುತ್ತಿದ್ದೇನೆ’ ಎಂದು ಅದು ಶುರುವಾಗುತ್ತದೆ. ಈ ವರ್ಷ ಬಹುಮಾನ ಪಡೆದ ಹುಡುಗ, ಪಾಪ, ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಕಲಿತಿದ್ದ. ತಮ್ಮೆದುರು ಕೈಕಟ್ಟಿ ನಿಂತು, ಸ್ಪಷ್ಟವಾದ ಉಚ್ಚಾರಣೆಯಲ್ಲಿ ‘ನನ್ನ ಹೆಸರು ಡ್ಯಾಶ್ ಡ್ಯಾಶ್’ ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ತಾವು ತಲೆದೂಗಿ ‘ಗುಡ್, ಮುಂದುವರಿಸು’ ಎಂದಿರಿ. ಮಗುವಿನ ಹೆಸರೇನೆಂಬ ಕುತೂಹಲವೂ ತಮಗೆ ಹುಟ್ಟಲಿಲ್ಲವಲ್ಲ ಎಂದು ನನಗೆ ಆವತ್ತು ಆಶ್ಚರ್ಯವಾಯಿತು. ಈಗ ಸುತ್ತೋಲೆ ಓದಿದ ಮೇಲೆ ಆಶ್ಚರ್ಯವಿಲ್ಲ.

ಇನ್ನು ನನ್ನ ಮಗಳ ವಿಷಯ. ಅವಳಿಗೆ ನಾನು ಜ್ವಾಲಾಮುಖಿ ಕೊಡಲು ತಯಾರಿದ್ದೆ, ಅದೂ ಪುಕ್ಕಟೆ. ಅವಳು ಬೇಡವೆಂದಳು. ಅವಳ ಹತ್ತಿರ ಸ್ವಂತದ್ದೊಂದು ಪ್ರಶ್ನೆ ಇತ್ತು. ಅದು ಹುಟ್ಟಿದ್ದು ಮೇಳಕ್ಕೆ ಮುಂಚಿನ ವರ್ಷದ ಚಳಿಗಾಲದಲ್ಲಿ. ನಮ್ಮ ಮನೆಯಿಂದ ರೈಲು ನಿಲ್ದಾಣ ದೂರ, ನಡುವೆ ಅರ್ಧ ಊರೇ ಇದೆ. ಆದರೂ ಚಳಿಯ ಬೆಳಿಗ್ಗೆ ತಾರಸಿಯ ಮೇಲೆ ನಿಂತರೆ ರೈಲು ಕೂಗುವುದು ಪಕ್ಕದ ಬೀದಿಯಲ್ಲೇ ಕೂಗಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಅದೇ ಮಧ್ಯಾಹ್ನ ಬಿಸಿಲಿನಲ್ಲಿ ನಿಂತರೆ ಏನೂ ಇಲ್ಲ. ಈ ಮನೆಯಲ್ಲಿ ನಾವು ವರ್ಷಗಳಿಂದ ಇದ್ದೇವೆ. ಅವಳು ಹೇಳುವವರೆಗೆ ನಾನಿದನ್ನು ಗಮನಿಸಿಯೇ ಇರಲಿಲ್ಲ.

ಅದೇ ವಾರ ಶಾಲೆಯಲ್ಲಿ ಶಬ್ದದ ಪಾಠ ನಡೆಯಿತಂತೆ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ ಹೋಗುತ್ತದೆ, ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿ ಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಶೀತಲ್ ಎದ್ದು ನಿಂತು, ಹಾಗಾದರೆ ಬಿಸಿಲಲ್ಲಿ ರೈಲು ಚೆನ್ನಾಗಿ ಕೇಳಬೇಕು, ಚಳಿಯಲ್ಲಿ ಕೇಳಬಾರದು, ನಮ್ಮ ಮನೆಯಲ್ಲಿ ಯಾಕೆ ಉಲ್ಟಾ ಎಂದು ಕೇಳಿದಳು. ವಿಜ್ಞಾನದ ಶಿಕ್ಷಕಿ ಮಾನಸ ಮಿಸ್ ಹೇಳಿದರಂತೆ:

“ನಂಗೂ ಗೊತ್ತಿಲ್ಲ ಕಣೆ ಶೀತಲ್. ನೀನು ನೋಡ್ತಾ ಇರು, ನಾನೂ ಹುಡುಕ್ತೀನಿ.”

ಮಗಳು ಅವತ್ತು ಮನೆಗೆ ಬಂದದ್ದನ್ನು ತಾವು ನೋಡಬೇಕಿತ್ತು. ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ. ಮಿಸ್‌ಗೂ ಗೊತ್ತಿಲ್ಲವಂತೆ ಎಂದು ಅಡುಗೆಮನೆಗೆ ಹೋಗಿ ಅವಳಮ್ಮನಿಗೆ ಹೇಳಿದಳು, ಮತ್ತೆ ಅಂಗಡಿಗೆ ಫೋನ್ ಮಾಡಿ ನನಗೆ ಹೇಳಿದಳು. ಯಾವ ಬಹುಮಾನ ಬಂದಾಗಲೂ ಅಷ್ಟು ಹಿಗ್ಗಿದವಳಲ್ಲ. ಟೀಚರಿಗೇ ಗೊತ್ತಿಲ್ಲದ ಒಂದು ವಿಷಯ ಇದೆ, ಅದು ನಮ್ಮ ತಾರಸಿಯ ಮೇಲಿದೆ ಎಂಬುದು ಅವಳಿಗೆ ದೊಡ್ಡ ಸಂಗತಿಯಾಗಿತ್ತು. ಮಾನ್ಯರೇ, ಶಿಕ್ಷಕರು ‘ಗೊತ್ತಿಲ್ಲ’ ಎಂದರೆ ಮಕ್ಕಳಿಗೆ ಅವರ ಮೇಲಿನ ಗೌರವ ಹೋಗುತ್ತದೆ ಎಂದು ತಾವು ಮೇಳದ ಭಾಷಣದಲ್ಲಿ ಹೇಳಿದಿರಿ. ನನ್ನ ಮಗಳಿಗೆ ಆವತ್ತಿನಿಂದ ಮಾನಸ ಮಿಸ್ ಅಂದರೆ ಪಂಚಪ್ರಾಣ. ಇದಕ್ಕೆ ತಮ್ಮಲ್ಲಿ ಉತ್ತರ ಸಿದ್ಧವಿದೆಯೇ?

ಅಲ್ಲಿಂದ ನಮ್ಮ ಮನೆಯ ಬದುಕು ರೈಲಿನ ವೇಳಾಪಟ್ಟಿಗೆ ಕಟ್ಟುಬಿತ್ತು. ರಜೆಯ ದಿನ ಮಧ್ಯಾಹ್ನ, ಶಾಲೆ ಇದ್ದ ದಿನ ಬೆಳಿಗ್ಗೆ ಅವಳು ತಾರಸಿಯ ಮೇಲೆ. ಕೇಳಿದರೆ ನೀರಿನ ಟ್ಯಾಂಕಿನ ಮೇಲೆ ಇದ್ದಿಲಿನಿಂದ ಒಂದು ಗೀಟು, ಕೇಳದಿದ್ದರೆ ಒಂದು ಸೊನ್ನೆ. ನಾನು ಎಲ್ಲ ಅಪ್ಪಂದಿರ ಹಾಗೆ ಕೂಡಲೇ ಉತ್ತರ ಕೊಟ್ಟೆ. ಮಧ್ಯಾಹ್ನ ಊರೆಲ್ಲ ಗದ್ದಲ ಪುಟ್ಟಿ, ಅದಕ್ಕೇ ಕೇಳಲ್ಲ ಎಂದೆ. ಪಕ್ಕದ ಮನೆಯ ಸಿದ್ದಯ್ಯನವರು ಬ್ಯಾಂಕಿನಿಂದ ನಿವೃತ್ತರು, ಅವರಿಗೆ ಗೊತ್ತಿಲ್ಲದ ವಿಷಯ ಇರುವುದು ಅಪರೂಪ. ಅವರು ಕಾಂಪೌಂಡಿನ ಆಚೆಯಿಂದಲೇ ‘ಗಾಳಿ ಕಣಮ್ಮ, ಗಾಳಿ ಬೀಸೋ ದಿಕ್ಕು’ ಎಂದು ತೀರ್ಪು ಕೊಟ್ಟರು. ಶೀತಲ್ ಇಬ್ಬರಿಗೂ ಎದುರು ಹೇಳಲಿಲ್ಲ. ದೇವರ ಮನೆಯಿಂದ ಊದುಬತ್ತಿ ತಂದು ತಾರಸಿಯ ಮೇಲೆ ಹಚ್ಚಿಟ್ಟು, ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡತೊಡಗಿದಳು. ಹೊಗೆ ನೆಟ್ಟಗೆ ಮೇಲೇರಿದ ಮಧ್ಯಾಹ್ನಗಳಲ್ಲೂ, ಅಂದರೆ ಗಾಳಿಯೇ ಇಲ್ಲದಾಗಲೂ, ರೈಲು ಕೇಳಲಿಲ್ಲ. ಊದುಬತ್ತಿ ಖಾಲಿಯಾಯಿತೆಂದು ನನ್ನ ಹೆಂಡತಿ ಗೊಣಗಿದಳು. ಸಿದ್ದಯ್ಯನವರು ಹೊಗೆಯನ್ನೇ ನಂಬಲಾಗದು ಎಂದರು.

ನನ್ನ ಉತ್ತರದ ಗತಿ ಇನ್ನೂ ಕೆಟ್ಟದಾಯಿತು. ಮಳೆಗಾಲ ಮುಗಿದು ಬಿಸಿಲು ಬಂದ ಹೊತ್ತಿಗೆ ಒಂದು ದಿನ ಊರಿಗೆ ಬಂದ್ ಕರೆ ಕೊಟ್ಟರು. ಯಾವುದಕ್ಕೆ ಬಂದ್ ಎಂದು ಈಗ ನೆನಪಿಲ್ಲ, ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ಅಂಗಡಿಗಳಿಲ್ಲ, ಆಟೋಗಳಿಲ್ಲ, ಬಸ್ಸುಗಳಿಲ್ಲ, ರೈಲು ಮಾತ್ರ ಓಡುತ್ತದೆ. ಮಗಳಿಗೆ ಅದು ಹಬ್ಬ. ಗದ್ದಲ ಇಲ್ಲದ ಮಧ್ಯಾಹ್ನ ಬೇಕಿತ್ತಲ್ಲ ಅಪ್ಪ, ಇವತ್ತು ಬಂದಿದೆ ಎಂದಳು. ರೈಲು ನಿಜವಾಗಿ ಕೂಗಿತೋ ಇಲ್ಲವೋ ಎಂದು ಗೊತ್ತಾಗಲು ನಿಲ್ದಾಣದ ಹತ್ತಿರ ಒಬ್ಬರು ನಿಂತು ಫೋನ್ ಮಾಡಬೇಕು. ಆ ಒಬ್ಬರು ನಾನು. ಸ್ಕೂಟರ್ ಹತ್ತಿ ಹೊರಟೆ. ವೃತ್ತದಲ್ಲಿ ಬಂದ್ ಮಾಡುವವರು ಅಡ್ಡ ಹಾಕಿ ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ರೈಲು ಕೂಗುತ್ತಾ ಅಂತ ನೋಡಲು ಹೋಗುತ್ತಿದ್ದೇನೆ ಎಂದೆ. ಅವರು ನನ್ನ ಮುಖವನ್ನು ಒಮ್ಮೆ, ಸ್ಕೂಟರನ್ನು ಒಮ್ಮೆ ನೋಡಿ, ತಮ್ಮತಮ್ಮೊಳಗೆ ಏನೋ ಮಾತಾಡಿಕೊಂಡು, ಹುಷಾರಾಗಿ ಹೋಗಿ ಬನ್ನಿ ಎಂದು ದಾರಿ ಬಿಟ್ಟರು. ಔಷಧಿ ತರಲು ಹೊರಟವರನ್ನು ಕೂಡ ಅಷ್ಟು ಕರುಣೆಯಿಂದ ಬಿಟ್ಟಿರಲಾರರು.

ನಿಲ್ದಾಣದ ಹತ್ತಿರ ನಿಂತು ಫೋನ್ ಮಾಡಿದೆ. ರೈಲು ಬಂತು, ಉದ್ದಕ್ಕೆ ಕೂಗಿತು. ಈಗ ಕೂಗ್ತು ನೋಡು ಎಂದೆ. ಆ ಕಡೆಯಿಂದ ಶೀತಲ್, ಫೋನಿನಲ್ಲಿ ಕೇಳಿಸ್ತು ಅಪ್ಪ, ತಾರಸಿಯಲ್ಲಿ ಕೇಳಿಸಲಿಲ್ಲ ಎಂದಳು. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದ್ದ ಮಧ್ಯಾಹ್ನ ಅದು. ಗದ್ದಲದ ಮೇಲೆ ಹೊರಿಸಿದ್ದ ನನ್ನ ಉತ್ತರ ಅಲ್ಲೇ ನೆಲಕಚ್ಚಿತು. ಆದರೆ ತಪ್ಪೆಂದು ಗೊತ್ತಾದಾಗ ನನಗೆ ಬೇಸರವಾಗುವ ಬದಲು ಸಂತೋಷವಾಯಿತು. ಬಿಸಿಲಲ್ಲಿ, ಮುಚ್ಚಿದ ಅಂಗಡಿಗಳ ನಡುವೆ, ನಾನೊಬ್ಬನೇ ನಗುತ್ತಾ ಮನೆಗೆ ಬಂದೆ. ನನ್ನ ವಯಸ್ಸಿನವನಿಗೆ ಹೊಸದೊಂದು ವಿಷಯ ಹೀಗೆ ಎದುರಾಗುವುದು ಅಪರೂಪ. ಅದನ್ನು ಎದುರು ನಿಲ್ಲಿಸಿದವಳು ಮಗಳು.

ಹೀಗೆ ಅವಳು ಡಿಸೆಂಬರಿನಲ್ಲಿ ಭದ್ರಾವತಿಯಲ್ಲಿ ನಡೆದ ತಮ್ಮ ಮೇಳಕ್ಕೆ ಬಂದಳು. ಅವಳ ಹತ್ತಿರ ಮಾದರಿ ಇರಲಿಲ್ಲ. ನೀರಿನ ಟ್ಯಾಂಕನ್ನು ಬಸ್ಸಿಗೆ ಹಾಕಿಕೊಂಡು ಬರುವಂತೆಯೂ ಇರಲಿಲ್ಲ. ಗೀಟು, ಸೊನ್ನೆಗಳನ್ನೆಲ್ಲ ಒಂದು ಚಾರ್ಟಿನ ಮೇಲೆ ಬರೆದುಕೊಂಡಿದ್ದಳು, ಮೇಲೆ ದಪ್ಪ ಅಕ್ಷರದಲ್ಲಿ ‘ಬಿಸಿಲಲ್ಲಿ ರೈಲು ಯಾಕೆ ಕೇಳುವುದಿಲ್ಲ?’ ಎಂದಿತ್ತು. ಅವಳ ಒಂದು ಕಡೆ ನನ್ನ ಜ್ವಾಲಾಮುಖಿ, ಇನ್ನೊಂದು ಕಡೆ ಮಳೆನೀರು ಕೊಯ್ಲು. ಎರಡೂ ಕಡೆ ಜನ ಜಾತ್ರೆ. ತಾವು ಅವಳ ಹತ್ತಿರ ಬಂದದ್ದು ಊಟ ಮುಗಿದ ಮೇಲೆ. ಸೆಕೆ ಇತ್ತು, ತಮಗೆ ಇನ್ನೂ ಬಹಳ ಮಳಿಗೆಗಳನ್ನು ನೋಡುವುದಿತ್ತು, ಇದನ್ನೆಲ್ಲ ನಾನು ಒಪ್ಪುತ್ತೇನೆ. ನ್ಯಾಯವಾಗಿಯೇ ಹೇಳಬೇಕು, ತಾವು ಗದರಲಿಲ್ಲ.

ಚಾರ್ಟನ್ನು ಮೇಲಿಂದ ಕೆಳಗೆ ನೋಡಿ, ತೀರ್ಮಾನ ಎಲ್ಲಿದೆ ಎಂದು ಕೇಳಿದಿರಿ. ಇನ್ನೂ ಗೊತ್ತಾಗಿಲ್ಲ ಸರ್ ಎಂದಳು. ಇದರಲ್ಲಿ ಗೊತ್ತಾಗದೆ ಇರುವುದೇನಿದೆ, ಮಧ್ಯಾಹ್ನ ಗದ್ದಲ ಇರುತ್ತದೆ ಎಂದಿರಿ. ನನಗೆ ಒಳಗೊಳಗೇ ಸಮಾಧಾನವಾಯಿತು, ಇಷ್ಟು ದೊಡ್ಡ ಹುದ್ದೆಯಲ್ಲಿರುವವರೂ ನನ್ನ ಉತ್ತರವನ್ನೇ ಕೊಟ್ಟರಲ್ಲ ಎಂದು. ಆಗ ಅವಳು ಹೇಳಿದಳು:

“ಬಂದ್ ದಿನ ಗದ್ದಲ ಇರ್ಲಿಲ್ಲ ಸರ್. ಅವತ್ತೂ ಕೇಳಿಸ್ಲಿಲ್ಲ. ನಿಮಗೆ ಬೇರೆ ಏನಾದ್ರೂ ಗೊತ್ತಿದ್ರೆ ಹೇಳ್ತೀರಾ?”

ಸುತ್ತ ಇದ್ದವರು ನಕ್ಕರು. ಅವರು ನಕ್ಕಿದ್ದು ತಮ್ಮನ್ನು ನೋಡಿಯೋ ಅವಳನ್ನು ನೋಡಿಯೋ ನನಗೆ ಇಂದಿಗೂ ತಿಳಿಯದು. ತಾವು ಮಾತ್ರ ತಮ್ಮನ್ನೇ ಎಂದು ತಿಳಿದಿರಿ. ಮುಖ ಗಂಟಿಕ್ಕಿಕೊಂಡು, “ಗೊತ್ತಿಲ್ಲದ್ದನ್ನ ಇಲ್ಲಿಗ್ಯಾಕಮ್ಮ ತಂದೆ?” ಎಂದು ಕೇಳಿ ಮುಂದೆ ಹೋದಿರಿ. ಆಮೇಲೆ ವೇದಿಕೆಯ ಮೇಲೆ ಮೈಕಿನಲ್ಲಿ, ಮಕ್ಕಳು ಮೊದಲು ಉತ್ತರ ಕಲಿಯಬೇಕು, ಪ್ರಶ್ನೆ ಕೇಳಲು ಜೀವನವಿಡೀ ಇದೆ, ಇಲ್ಲೊಬ್ಬಳು ಹುಡುಗಿ ರೈಲಿನ ಕೂಗನ್ನು ಲೆಕ್ಕ ಹಾಕಿಕೊಂಡು ಬಂದಿದ್ದಾಳೆ ಎಂದಿರಿ. ಈ ಸಲ ಎಲ್ಲರೂ ನಕ್ಕದ್ದು ಯಾರನ್ನು ನೋಡಿ ಎಂಬುದರಲ್ಲಿ ಸಂಶಯವಿರಲಿಲ್ಲ. ಶೀತಲ್ ಚಾರ್ಟನ್ನು ಸುರುಳಿ ಸುತ್ತಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವುದಾದರೂ ಇರುತ್ತಿತ್ತು.

ಮಾನ್ಯರೇ, ತಮ್ಮ ಪ್ರಶ್ನೆಯನ್ನೇ ನಾನೀಗ ಎತ್ತಿಕೊಳ್ಳುತ್ತೇನೆ. ಗೊತ್ತಿಲ್ಲದ್ದನ್ನು ವಿಜ್ಞಾನ ಮೇಳಕ್ಕೆ ತರಬಾರದು ಎಂದಾದರೆ ಎಲ್ಲಿಗೆ ತರಬೇಕು? ತಾಲೂಕು ಕಚೇರಿಗೆ ತರಬಹುದೇ? ಅಲ್ಲಿ ಆಧಾರ್ ಪ್ರತಿ ಕೇಳುತ್ತಾರೆ. ಗೊತ್ತಿರುವುದನ್ನೇ ಹೊತ್ತು ತಂದು, ಗೊತ್ತಿರುವವರ ಎದುರು ಒಪ್ಪಿಸಿ, ಗೊತ್ತಿತ್ತು ಎಂದು ಪ್ರಮಾಣಪತ್ರ ಪಡೆಯುವುದಾದರೆ ಅದಕ್ಕೆ ಶಾಮಿಯಾನ ಯಾಕೆ? ಆ ಕೆಲಸ ನನ್ನ ಅಂಗಡಿಯಲ್ಲಿ ದಿನವೂ ನಡೆಯುತ್ತದೆ. ಒಂದು ಕಡೆಯಿಂದ ಹಾಳೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಅದೇ ಹಾಳೆ ಬರುತ್ತದೆ. ಯಂತ್ರ ಇವತ್ತಿನವರೆಗೆ ನನ್ನನ್ನು ಮರುಪ್ರಶ್ನೆ ಕೇಳಿಲ್ಲ. ಸಮಿತಿಗೆ ಬೇಕಿರುವುದು ಇಂಥ ವಿದ್ಯಾರ್ಥಿಯೇ ಆದರೆ ಯಂತ್ರವನ್ನೇ ಮುಂದಿನ ಮೇಳಕ್ಕೆ ತರುತ್ತೇನೆ, ಕರೆಂಟಿನ ವ್ಯವಸ್ಥೆ ತಾವು ಮಾಡಿ.

ಕೇಳದೆ ಇರುವುದರಿಂದ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಬೀದಿಗೆ ಹೊಸ ಚರಂಡಿ ಮಾಡಿದಾಗ ಕೆಲಸ ನಡೆಯುವಷ್ಟು ದಿನವೂ ನಾವೆಲ್ಲ ನಿಂತು ನೋಡಿದೆವು. ಚರಂಡಿ ಮೂಲೆಯ ಮನೆಯಿಂದ ಮುಖ್ಯ ರಸ್ತೆಯ ಕಡೆಗೆ ಮೆಲ್ಲಗೆ ಏರುತ್ತಾ ಹೋಗುತ್ತಿತ್ತು. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಮಾಡುವವರಿಗೆ ಗೊತ್ತಿರುತ್ತದೆ ಬಿಡಿ ಎಂದು ಬೀದಿಗೆ ಬೀದಿಯೇ ಸುಮ್ಮನಿತ್ತು. ಮೊದಲ ಮಳೆಗೆ ನೀರು ತಾನು ಓದಿದ ವಿಜ್ಞಾನದ ಪ್ರಕಾರ ತಗ್ಗಿಗೇ ಹರಿದು, ಮೂಲೆಯ ಮನೆಯವರ ನಡುಮನೆಯಲ್ಲಿ ನಿಂತಿತು. ಅವರ ಸೋಫಾದಿಂದ ಈಗಲೂ ವಾಸನೆ ಬರುತ್ತದೆ. ನಾವೆಲ್ಲರೂ ಒಳ್ಳೆಯ ವಿದ್ಯಾರ್ಥಿಗಳಾಗಿದ್ದವರು ಮಾನ್ಯರೇ, ನಮ್ಮ ಕಾಲದಲ್ಲಿ ಯಾರೂ ಎದ್ದು ನಿಂತು ಕೇಳುತ್ತಿರಲಿಲ್ಲ. ಡಾಕ್ಟರ್ ಬರೆದ ಮಾತ್ರೆ ಯಾಕೆಂದು ಕೇಳುವುದಿಲ್ಲ, ಕರೆಂಟ್ ಬಿಲ್ ಏಕಾಏಕಿ ಏರಿದ್ದು ಯಾಕೆಂದು ಕೇಳುವುದಿಲ್ಲ, ಮೊಬೈಲಿನಲ್ಲಿ ಬಂದ ಸುದ್ದಿ ನಿಜವೇ ಎಂದು ಕೇಳದೆ ಹತ್ತು ಮಂದಿಗೆ ಕಳುಹಿಸುತ್ತೇವೆ. ಪ್ರಶ್ನೆ ಕೇಳಲು ಜೀವನವಿಡೀ ಇದೆ ಎಂದಿರಲ್ಲ, ಹದಿನಾಲ್ಕರಲ್ಲಿ ಬಾಯಿ ಮುಚ್ಚಿದವರು ನಲವತ್ತರಲ್ಲಿ ತೆರೆದದ್ದನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಮೇಳ ಮುಗಿದ ಸಂಜೆ ನಾವು ಭದ್ರಾವತಿಯಲ್ಲೇ ಇರುವ ನನ್ನ ತಮ್ಮನ ಮನೆಗೆ ಹೋದೆವು. ನನ್ನ ಅಮ್ಮ ಸುಭದ್ರಮ್ಮ ಇರುವುದು ಅಲ್ಲೇ, ತುಂಬಿದ ಮನೆಯ ಯಜಮಾನಿಕೆ ಮಾಡಿಕೊಂಡು. ಮೊಮ್ಮಗಳ ಮುಖ ನೋಡಿ ಏನಾಯಿತೆಂದು ನನ್ನನ್ನೇ ಕೇಳಿದಳು. ಹೇಳಿದೆ. ಅಮ್ಮನಿಗೆ ನಗು ಬರಲಿಲ್ಲ. ಅವಳು ಮದುವೆಯಾಗಿ ಭದ್ರಾವತಿಗೆ ಬಂದ ಕಾಲದಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಯ ಸೈರನ್ ಕೇಳಿ ಊರು ಏಳುತ್ತಿತ್ತು, ಊರು ಉಣ್ಣುತ್ತಿತ್ತು. ಅವಳ ತವರು ಅಲ್ಲಿಂದ ಬಹಳ ದೂರದ ಹಳ್ಳಿ.

“ನಮ್ಮ ಹಳ್ಳೀಲಿ ಚಳಿಗಾಲ್ದಾಗೆ ಬೆಳಗಿನ ಸೈರನ್ ಕೇಳೋದು ಮಾರಾಯ್ತಿ, ಬ್ಯಾಸ್ಗೇಲಿ ಮಧ್ಯಾಹ್ನದ್ದು ಒಂದಿನಾನೂ ಕೇಳಿಲ್ಲ. ಯಾಕೆ ಅಂತ ನಾನ್ಯಾರನ್ನೂ ಕೇಳಲಿಲ್ಲ ನೋಡು. ನೀ ಕೇಳಿದ್ಯಲ್ಲ, ಅದೇ ಸಾಕು” ಎಂದಳು ಅಮ್ಮ ಮೊಮ್ಮಗಳಿಗೆ.

ಹಿಂದಿನ ಶೀತಲ್ ಆಗಿದ್ದರೆ ಹಳ್ಳಿ ಎಷ್ಟು ದೂರ, ಯಾವ ದಿಕ್ಕು, ನಡುವೆ ಗುಡ್ಡ ಇತ್ತಾ ಎಂದು ಅಜ್ಜಿಯ ಜೀವ ತಿನ್ನುತ್ತಿದ್ದಳು. ಅವತ್ತು ಹೂಂ ಎಂದಳು, ಅಷ್ಟೇ. ಅಮ್ಮ ನನ್ನ ಮುಖ ನೋಡಿದಳು. ಸ್ವಲ್ಪ ದಿನಕ್ಕೆ ಸರಿಹೋಗುತ್ತಾಳೆ ಎಂದೆ. ಸರಿಹೋಗುತ್ತಿದ್ದಳೇನೋ. ಅಷ್ಟರಲ್ಲಿ ತಮ್ಮ ಸುತ್ತೋಲೆ ಬಂತು. ಶಾಲೆಯಲ್ಲಿ ಅದನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಓದಿ ಹೇಳಿದರು. ಇದು ಯಾರಿಂದ ಬಂದದ್ದೆಂದು ಎಲ್ಲ ಮಕ್ಕಳಿಗೂ ಗೊತ್ತಿತ್ತು.

ಮಾನಸ ಮಿಸ್ ಸುಮ್ಮನಿರಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ರಜೆಯ ದಿನ ಬಸ್ಸು ಹತ್ತಿ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗಿ, ಹಿಂದೆ ಅಲ್ಲಿ ತನಗೆ ಪಾಠ ಹೇಳಿದ ಮೇಷ್ಟ್ರನ್ನು ಕಂಡು ಬಂದರು. ಅವರು ಒಂದು ಹಾಳೆಯ ಮೇಲೆ ಬಾಗಿದ ಗೆರೆಗಳನ್ನು ಎಳೆದು ತೋರಿಸಿದರಂತೆ. ಮಧ್ಯಾಹ್ನ ನೆಲ ಕಾದಿರುತ್ತದೆ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಕೆಳಗೆ ಶಬ್ದ ಬೇಗ ಓಡುತ್ತದೆ, ಮೇಲೆ ನಿಧಾನ, ಹಾಗಾಗಿ ಅದರ ದಾರಿ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಚಳಿಯ ಬೆಳಿಗ್ಗೆ ನೆಲವೇ ತಣ್ಣಗೆ, ಮೇಲಿನ ಗಾಳಿ ಬೆಚ್ಚಗೆ, ಹಾಗಾಗಿ ಶಬ್ದ ಕೆಳಕ್ಕೆ ಬಾಗಿ ಕಿವಿಗೆ ಬರುತ್ತದೆ. ಮಗಳನ್ನು ಗೊಂದಲಕ್ಕೆ ಹಾಕಿದ ಪುಸ್ತಕದ ಅದೇ ಮಾತಿನಲ್ಲಿ ಉತ್ತರವೂ ಇತ್ತು. ಆದರೆ ಆ ಮೇಷ್ಟ್ರು ಇಷ್ಟಕ್ಕೇ ಬಿಡಲಿಲ್ಲ. ಇದು ಪುಸ್ತಕ ಹೇಳುವುದು, ನಿಮ್ಮ ಊರಿನಲ್ಲಿ ಹಾಗೇ ಆಗುತ್ತದೆಯೇ ಎಂದು ನೋಡಬೇಕಾದವರು ನೀವು ಎಂದರಂತೆ. ಮಧ್ಯಾಹ್ನ ನೆಲದಿಂದ ಬಹಳ ಎತ್ತರಕ್ಕೆ ಹತ್ತಿ ಕೇಳಿ, ಅಲ್ಲಿ ಕೇಳಿಸಿದರೆ ಈ ಮಾತು ನಿಜ ಇರಬೇಕು ಎಂದರಂತೆ.

ಮಿಸ್ ಈ ಸುದ್ದಿ ಹೊತ್ತು ಮನೆಗೇ ಬಂದರು. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಯಾವುದಾದರೂ ಎತ್ತರದ ಕಟ್ಟಡ ಹುಡುಕೋಣ ಎಂದರು. ಶೀತಲ್ ಗೌರವದಿಂದ ಕೇಳಿಸಿಕೊಂಡು, “ಬೇಡ ಮಿಸ್. ನಿಮಗೆ ತೊಂದ್ರೆ ಆಗುತ್ತೆ” ಎಂದಳು. ಮಿಸ್ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಸುತ್ತೋಲೆಯ ನಂತರ ಅವರನ್ನು ಮುಖ್ಯೋಪಾಧ್ಯಾಯರು ಕರೆದು, ಇನ್ನು ಮುಂದೆ ಮಕ್ಕಳ ಎದುರು ಗೊತ್ತಿಲ್ಲ ಎನ್ನಬೇಡಿ ಎಂದಿದ್ದರು. ಅದು ಮಕ್ಕಳ ಕಿವಿಗೂ ಬಿದ್ದಿತ್ತು. ಅಧ್ಯಾಪಕರಿಗೆ ತಾವು ಕೊಡುವ ತರಬೇತಿ ವರ್ಷಗಟ್ಟಲೆ ನಡೆದರೂ ಅವರ ತಲೆಗೆ ಹೋಗುವುದಿಲ್ಲ ಎಂದು ಕೇಳಿದ್ದೇನೆ. ಈ ಪಾಠ ಮಾತ್ರ ಒಂದೇ ಹಾಳೆಯಲ್ಲಿ ಎಲ್ಲರಿಗೂ ಹೋಯಿತು. ಒಪ್ಪಲೇಬೇಕು, ತಮ್ಮ ಆಡಳಿತ ಚುರುಕಾಗಿದೆ.

ಈಗ ನಮ್ಮ ಮನೆ ಬಹಳ ಶಾಂತ. ಸಿದ್ದಯ್ಯನವರು ಮೊನ್ನೆ, ಹುಡುಗಿ ಎಷ್ಟು ಗಂಭೀರಳಾದಳು ನೋಡಿ, ಈಗ ಓದಿನ ಕಡೆ ಗಮನ ಬಂದಿದೆ ಎಂದು ಮೆಚ್ಚಿಕೊಂಡರು. ಹೌದು, ಗೈಡು ತೆರೆದಿಟ್ಟು ಓದುತ್ತಾಳೆ. ಅಂಕಗಳೂ ಏರಿವೆ. ತಮ್ಮ ಸುತ್ತೋಲೆಗೆ ಫಲಿತಾಂಶ ಬೇಕಿದ್ದರೆ ಇದನ್ನು ದಾಖಲಿಸಿಕೊಳ್ಳಬಹುದು. ಇವತ್ತು ಬೆಳಿಗ್ಗೆ ಚಳಿ ಜೋರಾಗಿತ್ತು. ಅವಳು ತಿಂಡಿಗೆ ಕೂತಿದ್ದಳು, ಅಡುಗೆಮನೆಯ ಕಿಟಕಿ ತೆರೆದಿತ್ತು. ರೈಲು ಕೂಗಿತು. ಅಷ್ಟು ಸ್ಪಷ್ಟವಾಗಿ ಈ ವರ್ಷ ಒಂದು ದಿನವೂ ಕೇಳಿರಲಿಲ್ಲ. ನನ್ನ ಹೆಂಡತಿ ಸೌಟು ಹಿಡಿದವಳು ಹಾಗೇ ನಿಂತಳು. ನಾವಿಬ್ಬರೂ ಅವಳನ್ನೇ ನೋಡಿದೆವು. ಮೊದಲಾಗಿದ್ದರೆ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಿದ್ದಳು. ಇವತ್ತು ತಲೆ ಎತ್ತಲಿಲ್ಲ. ಚಟ್ನಿ ಸ್ವಲ್ಪ ಹಾಕಮ್ಮ ಎಂದಳು. ಕೇಳಿಸಲಿಲ್ಲವೇನೋ ಎಂದು, ರೈಲು ಕೂಗ್ತಲ್ಲ ಪುಟ್ಟಿ ಎಂದೆ. “ಹೂಂ, ದಿನಾ ಕೂಗುತ್ತಲ್ಲಪ್ಪ” ಎಂದಳು. ಅಂಗಡಿಗೆ ಬಂದವನೇ ಬಾಗಿಲನ್ನು ಅರ್ಧ ಎಳೆದುಕೊಂಡು ಇದನ್ನು ಬರೆಯಲು ಕೂತೆ.

ಆದ್ದರಿಂದ ನನ್ನ ಬೇಡಿಕೆ. ಆ ಎರಡು ಸಾಲುಗಳನ್ನು ಮೇಳದಲ್ಲಿ ಮೈಕಿನಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹಿಂತೆಗೆದುಕೊಳ್ಳಿ. ಎಲ್ಲ ಶಾಲೆಗಳಲ್ಲೂ ಮತ್ತೆ ಪ್ರಾರ್ಥನೆಯ ಹೊತ್ತಿಗೇ ಓದಿಸಿ. ಕ್ಷಮೆ ಕೇಳಬೇಕಾಗಿಲ್ಲ, ನನ್ನ ಮಗಳಿಗೆ ಬಹುಮಾನವೂ ಬೇಡ. ಮಾನಸ ಮಿಸ್ ತರಗತಿಯಲ್ಲಿ ನಿಂತು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅಡ್ಡಿಯಿಲ್ಲ ಎಂದು ಬರೆದುಕೊಡಿ. ಇನ್ನೊಂದು ಸಣ್ಣ ಉಪಕಾರವೂ ಆಗಬೇಕು. ತಮ್ಮ ಸಮಿತಿಯ ಕಚೇರಿ ಇರುವ ಕಟ್ಟಡ ರೈಲು ನಿಲ್ದಾಣದಿಂದ ನಮ್ಮ ಮನೆಯಷ್ಟೇ ದೂರದಲ್ಲಿದೆ, ಮತ್ತು ಈ ಕಡೆಗೆಲ್ಲ ಅತಿ ಎತ್ತರದ್ದು ಅದೇ. ವಿಚಾರಿಸಿದೆ, ತಾರಸಿಗೆ ಬೀಗ ಹಾಕಿದೆಯಂತೆ, ಅಧ್ಯಕ್ಷರ ಅಪ್ಪಣೆ ಇಲ್ಲದೆ ಯಾರನ್ನೂ ಬಿಡುವುದಿಲ್ಲವಂತೆ. ಬಿಸಿಲೇರಿದ ಒಂದು ಮಧ್ಯಾಹ್ನ ಆ ಬೀಗ ತೆಗೆಸಿ. ನಾನು ಅವಳನ್ನು ಹೇಗಾದರೂ ಮಾಡಿ ಕರೆದುಕೊಂಡು ಬರುತ್ತೇನೆ. ಬರುವುದಿಲ್ಲ ಎಂದರೂ ಕೈಹಿಡಿದು ಕರೆತರುತ್ತೇನೆ. ತಾವೂ ಮೇಲೆ ಬನ್ನಿ, ಕೆಳಗೆ ಅಂಗಳದಲ್ಲಿ ಒಬ್ಬರನ್ನು ನಿಲ್ಲಿಸೋಣ. ಮೇಲಿದ್ದವರಿಗೆ ರೈಲು ಕೇಳಿಸಿ ಕೆಳಗಿದ್ದವರಿಗೆ ಕೇಳಿಸದೆ ಹೋಗಬಹುದು, ಇಬ್ಬರಿಗೂ ಕೇಳಿಸದೆಯೂ ಹೋಗಬಹುದು. ಏನಾಗುತ್ತದೆಂದು ನನಗೂ ಗೊತ್ತಿಲ್ಲ, ತಮಗೂ ಗೊತ್ತಿಲ್ಲ.

ಆಗ ಅವಳು ತಮ್ಮ ಕಡೆ ತಿರುಗಿ ಏನಾದರೂ ಕೇಳಿದರೆ ದಯವಿಟ್ಟು ಅದನ್ನು ನಿಯಮದ ಉಲ್ಲಂಘನೆಯೆಂದು ತಿಳಿಯಬೇಡಿ, ಉತ್ತರಕ್ಕಾಗಿ ತಡವರಿಸಲೂ ಬೇಡಿ. ಉತ್ತರವನ್ನು ಅವಳು ಹೇಗೋ ಹುಡುಕಿಕೊಳ್ಳುತ್ತಾಳೆ. ಅವಳು ಇನ್ನೊಮ್ಮೆ ಬಾಯಿ ಬಿಟ್ಟು ಯಾಕೆ ಎಂದು ಕೇಳಲಿ ಎಂದೇ ನಾನು ಇಷ್ಟೆಲ್ಲ ಬರೆದದ್ದು.

ಇಂತಿ,
ಮಗಳು ತಂಟೆ ಮಾಡುವುದಿಲ್ಲವೆಂದು ಎಲ್ಲರೂ ಹೊಗಳುವಾಗ ಏನು ಹೇಳಬೇಕೆಂದು ತೋಚದ,
ಮಲ್ಲೇಶ್
ಗೋಪಾಳ, ಶಿವಮೊಗ್ಗ